ಬ್ಲ್ಯಾಕ್ ರಾಕ್ ಮರುಭೂಮಿಯ ಸ್ಥಳಾಕೃತಿ ನಕ್ಷೆಗಳು: ಸಾರ್ವಜನಿಕ ಮಾಹಿತಿ

ಪ್ರದೇಶದ ಪರಿಚಯ

ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡಾ ರಾಜ್ಯದ ವಾಯವ್ಯ ಭಾಗದಲ್ಲಿರುವ ಬ್ಲ್ಯಾಕ್ ರಾಕ್ ಮರುಭೂಮಿಯು ಸಮುದ್ರ ಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದೆ. ಹಿಮಯುಗದ ಲಾಹೊಂಟನ್ ಸರೋವರವು ಬತ್ತಿ ಉಳಿದ ಜೇಡಿಮಣ್ಣಿನ ಬಯಲೇ ಇದರ ಮಧ್ಯಭಾಗವಾಗಿರುತ್ತದೆ. ಆರಿಗಾನ್‌ಗೆ ಹೋಗುವ ವಲಸಿಗರಿಗಾಗಿ 1846ರಲ್ಲಿ ತೆರೆದ ಆಪಲ್‌ಗೇಟ್ ಮಾರ್ಗವು ಈ ಬಯಲನ್ನು ದಾಟುತ್ತದೆ. 1849ರಲ್ಲಿ ಚಿನ್ನವನ್ನರಸಿ ಕ್ಯಾಲಿಫೋರ್ನಿಯಾಕ್ಕೆ ಹೊರಟ ಸಾವಿರಾರು ಜನರು ಇದನ್ನು ಹತ್ತಿರದ ದಾರಿಯೆಂದು ನಂಬಿ ಬಂದು, ನೀರು ಮೇವಿಲ್ಲದೆ ತಮ್ಮ ಎತ್ತುಗಳನ್ನು ಕಳೆದುಕೊಂಡರು. ಈ ಪ್ರದೇಶವನ್ನು 2000ನೇ ಇಸವಿಯಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು.

ನಕ್ಷೆಗಳ ವಿವರ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಈ ಪ್ರದೇಶವನ್ನು 1:24,000 ಪ್ರಮಾಣದ ಹಾಳೆಗಳಲ್ಲಿ ಒದಗಿಸುತ್ತದೆ. ಅಂದರೆ, ಹಾಳೆಯ ಮೇಲಿನ 1 ಅಂಗುಲವು ನೆಲದ ಮೇಲಿನ 2,000 ಅಡಿಗೆ ಸಮನಾಗಿರುತ್ತದೆ. ಕಂದು ಬಣ್ಣದ ಸಮೋನ್ನತಿ ರೇಖೆಗಳು ಎತ್ತರವನ್ನೂ, ನೀಲಿ ಬಣ್ಣವು ಜಲಮೂಲಗಳನ್ನೂ ಸೂಚಿಸುತ್ತವೆ.

ನಕ್ಷೆಯನ್ನು ಓದುವಾಗ ಗಮನಿಸಬೇಕಾದ ಅಂಶಗಳು

1. ಬೆಟ್ಟಗಳಲ್ಲಿ ಒತ್ತೊತ್ತಾಗಿರುವ ಸಮೋನ್ನತಿ ರೇಖೆಗಳು ಬಯಲಿನಲ್ಲಿ ಬಹುತೇಕ ಇರುವುದಿಲ್ಲ. ಹಾಳೆಯ ಈ ಖಾಲಿ ಭಾಗವು ಸುಗಮ ದಾರಿಯ ಸೂಚನೆಯಲ್ಲ. ಮಳೆ ಅಥವಾ ಹಿಮ ಕರಗಿದ ನೀರು ನಿಂತಾಗ ಬಯಲು ಕೆಸರಾಗಿ ವಾಹನಗಳು ಹೂತುಹೋಗುತ್ತವೆ. ನೆಲದ ಅಂದಿನ ಸ್ಥಿತಿಯನ್ನು ಯಾವ ನಕ್ಷೆಯೂ ತಿಳಿಸುವುದಿಲ್ಲ.

2. ರ‍್ಯಾಬಿಟ್‌ಹೋಲ್ ಚಿಲುಮೆಯಿಂದ ಬ್ಲ್ಯಾಕ್ ರಾಕ್ ಚಿಲುಮೆಗೆ ಸುಮಾರು 20 ಮೈಲಿ ಅಂತರವಿದೆ. ನಕ್ಷೆಯಲ್ಲಿ ಇವೆರಡೂ ಚಿಲುಮೆಗಳೇ. ಆದರೆ ಬ್ಲ್ಯಾಕ್ ರಾಕ್‌ನ ನೀರು ಬಿಸಿಯಾದುದು. ಅದರ ಉತ್ತರಕ್ಕಿರುವ ಡಬಲ್ ಹಾಟ್ ಚಿಲುಮೆಗಳ ನೀರು ಪ್ರಾಣಾಪಾಯವಾಗುವಷ್ಟು ಸುಡುತ್ತದೆ. ಆದ್ದರಿಂದ ನೀಲಿ ಗುರುತನ್ನು ಕುಡಿಯುವ ನೀರೆಂದು ಭಾವಿಸತಕ್ಕದ್ದಲ್ಲ.

ನಕ್ಷೆಗಳನ್ನು ಪಡೆಯುವ ವಿಧಾನ

2009ರಲ್ಲಿ ಆರಂಭವಾದ ‘ಯುಎಸ್ ಟೋಪೋ’ ಸರಣಿಯ ಹಾಳೆಗಳನ್ನು ಸಂಸ್ಥೆಯ ಅಂತರ್ಜಾಲ ತಾಣದಿಂದ ಉಚಿತವಾಗಿ ಪಡೆಯಬಹುದಾಗಿದೆ. 1884ರಿಂದ 2006ರವರೆಗೆ ಮುದ್ರಿತವಾದ ಹಳೆಯ ಹಾಳೆಗಳ ಸಂಗ್ರಹವೂ ಉಚಿತವಾಗಿ ಲಭ್ಯವಿದೆ. ಹಳೆಯ ಹಾಳೆಯನ್ನು ಬಳಸುವವರು ಅದರ ಮೇಲೆ ನಮೂದಿಸಿದ ವರ್ಷವನ್ನು ಪರಿಶೀಲಿಸಿ, ಹೊಸ ಹಾಳೆಯೊಂದಿಗೆ ಹೋಲಿಸಿ ನೋಡುವುದು. ಕಾಗದದ ಪ್ರತಿ ಬೇಕಾದವರು ಶುಲ್ಕ ಪಾವತಿಸಿ ಪಡೆಯಬಹುದು.

ವಿಶೇಷ ಸೂಚನೆ

ಈ ಪ್ರದೇಶದ ಬಹುತೇಕ ಕಡೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಪ್ರಯಾಣಿಕರು ಕಾಗದದ ನಕ್ಷೆ, ದಿಕ್ಸೂಚಿ ಹಾಗೂ ಸಾಕಷ್ಟು ನೀರನ್ನು ಜೊತೆಯಲ್ಲಿ ಒಯ್ಯುವುದು. ಹೊರಡುವ ಮುನ್ನ ಬಯಲಿನ ಸ್ಥಿತಿಯನ್ನು ಭೂ ನಿರ್ವಹಣಾ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು. ವಲಸಿಗರ ಬಂಡಿಗಳ ಚಕ್ರದ ಜಾಡುಗಳು ಕೆಲವೆಡೆ ಇಂದಿಗೂ ಉಳಿದಿದ್ದು, ಅವುಗಳ ಮೇಲೆ ವಾಹನ ಚಲಾಯಿಸಬಾರದಾಗಿ ಕೋರಲಾಗಿದೆ.