ಅಭಿವೃದ್ಧಿಯ ಪಾಠ: ನಮ್ಮ ನಾಲ್ಕು ತಾಲ್ಲೂಕುಗಳ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಮುಖ್ಯಾಧ್ಯಾಪಕರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಬರೆಯಲು ಕುಳಿತಾಗ ಹಳೆಯ ಪ್ರಶ್ನೆಯೊಂದು ನೆನಪಾಯಿತು. ಮೂವತ್ತು ದಾಟಿದ ಮೇಲೆ, ಕೈಯಲ್ಲಿದ್ದ ಕೆಲಸ ಬಿಟ್ಟು, ‘ಅಂತರರಾಷ್ಟ್ರೀಯ ಅಭಿವೃದ್ಧಿ’ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದಲು ಇಂಗ್ಲೆಂಡಿಗೆ ಹೊರಟಾಗ ಊರಿನ ಹಿರಿಯರೊಬ್ಬರು ಕೇಳಿದ್ದರು: “ಅಭಿವೃದ್ಧಿ ಅಂದ್ರೆ ರಸ್ತೆ, ಕರೆಂಟು, ನೀರು. ಅದರಲ್ಲಿ ಓದೋದಕ್ಕೆ ಏನಿದೆ?” ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ನನ್ನ ಕಥೆಗಿಂತ ಹೆಚ್ಚಾಗಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಇತಿಹಾಸ.

ನಮ್ಮ ಹಿರಿಯರು ಹಳೆ ಸೂಪಾದವರು. ಇಂದಿನ ಜೋಯಿಡಾ ತಾಲ್ಲೂಕಿಗೆ ಆಗ ಸೂಪಾ ಎಂದೇ ಹೆಸರಿತ್ತು. ಡಿಗ್ಗಿಯಲ್ಲಿ ಹುಟ್ಟಿ 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುವ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಸೂಪಾ ಪೇಟೆ ನೀರಿನಡಿಗೆ ಹೋಯಿತು. ತಾಲ್ಲೂಕು ಕಚೇರಿಗಳು ಜೋಯಿಡಾಕ್ಕೆ ಬಂದವು, ನಮ್ಮಂಥ ಅನೇಕ ಕುಟುಂಬಗಳು ರಾಮನಗರಕ್ಕೆ ಬಂದವು. ಮಳೆಗಾಲದ ನೀರನ್ನು ಸೂಪಾದಲ್ಲಿ ಹಿಡಿದಿಟ್ಟು ಕೆಳಗೆ ಬಿಡುತ್ತಾರೆ. ಅದು ಬೊಮ್ಮನಹಳ್ಳಿ ಜಲಾಶಯ ಸೇರಿ, ಸುರಂಗದಲ್ಲಿ ಇಳಿದು ನಾಗಝರಿಯಲ್ಲಿ ವಿದ್ಯುತ್ತಾಗುತ್ತದೆ. ಮುಂದೆ ಕೊಡಸಳ್ಳಿ, ಕದ್ರಾಗಳಲ್ಲಿ ಅದೇ ನೀರು ಮತ್ತೆ ದುಡಿಯುತ್ತದೆ. ರಾಜ್ಯಕ್ಕೆ ಬೆಳಕು ಕೊಟ್ಟ ಈ ನದಿಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಕಾಡಿನೊಳಗಿನ ಹಳ್ಳಿಗಳಿಂದ ಬರುತ್ತಿದ್ದ ನನ್ನ ಸಹಪಾಠಿಗಳು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಪರೀಕ್ಷೆಗೆ ಓದಿದ್ದರು. ಅಜ್ಜ ಹಿನ್ನೀರಿನ ದಂಡೆಯಲ್ಲಿ ನಿಂತು “ಅಗೋ, ಅಲ್ಲಿ ನಮ್ಮ ಅಂಗಳ” ಎಂದು ಕೈ ತೋರಿಸುತ್ತಿದ್ದರು. ನಮಗೆ ನೀರು ಮಾತ್ರ ಕಾಣುತ್ತಿತ್ತು.

ದಾಂಡೇಲಿಯ ಕಥೆಯೂ ಇಂಥದ್ದೇ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ನಮ್ಮ ಭಾಗದ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ಕಾಗದಕ್ಕೆ ಬೇಕಾದ ಬಿದಿರು ಉತ್ತರ ಕನ್ನಡದ ಕಾಡಿನಿಂದ ಬರುತ್ತಿತ್ತು. ಆರಂಭದಲ್ಲಿ ಸರ್ಕಾರ ಗೊತ್ತುಮಾಡಿದ ದರ ಟನ್ನಿಗೆ 1 ರೂಪಾಯಿ 50 ಪೈಸೆ. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಳ್ಳುವಾಗ ಅದರ ಹಲವು ಪಟ್ಟು ಕೊಡಬೇಕಿತ್ತು. ಕಾಡಿನಲ್ಲಿ ಎಷ್ಟು ಬಿದಿರಿದೆ ಎಂದು ಮೊದಲು ಹಾಕಿದ ಲೆಕ್ಕವೂ ನಿಜಕ್ಕಿಂತ ಬಹಳ ಹೆಚ್ಚಾಗಿತ್ತು. ಕೆಲವೇ ವರ್ಷಗಳಲ್ಲಿ ಬಿದಿರು ಕಡಿಮೆಯಾಗತೊಡಗಿತು.

ಕಾರಣ ಹುಡುಕಲು 1970ರ ದಶಕದಲ್ಲಿ ಬಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು. ಗಾಡ್ಗೀಳರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿ ಉಳಿಯದೆ ದೇಶಕ್ಕೆ ಮರಳಿದವರು. ಬಿದಿರಿನ ಮೆಳೆಯ ಬುಡದಲ್ಲಿ ದಟ್ಟ ಮುಳ್ಳಿನ ಹೊದಿಕೆ ಇರುತ್ತದೆ. ಕಡಿಯಲು ಅನುಕೂಲವಾಗಲಿ, ಮೆಳೆ ಚೊಕ್ಕಟವಾಗಿ ಬೆಳೆಯಲಿ ಎಂದು ಅದನ್ನು ತೆಗೆಸುತ್ತಿದ್ದರು. ಊರಿನ ಜನ ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನಕರು, ಕಾಡುಪ್ರಾಣಿಗಳು ತಿಂದುಹೋಗುತ್ತವೆ. ಸಂಶೋಧಕರು ಆ ಮಾತನ್ನು ತಳ್ಳಿಹಾಕದೆ, ಕಾಡಿನಲ್ಲೇ ಮೆಳೆಗಳನ್ನು ಗಮನಿಸಿ, ಅಳೆದು ನೋಡಿದರು. ಊರಿನವರ ಮಾತು ನಿಜವಾಯಿತು.

ನನ್ನ ಮಟ್ಟಿಗೆ ಉನ್ನತ ವ್ಯಾಸಂಗದ ಅರ್ಥ ಈ ಪ್ರಸಂಗದಲ್ಲಿದೆ. ಊರಿನವರಿಗೆ ವಿಷಯ ಗೊತ್ತಿತ್ತು, ಆದರೆ ಅವರ ಮಾತಿಗೆ ಕಚೇರಿಯಲ್ಲಿ ಬೆಲೆಯಿರಲಿಲ್ಲ. ಓದಿ ಬಂದವರು ಅದನ್ನು ಅಳೆದು ಬರೆದಾಗ ಅದು ವರದಿಯಾಯಿತು. ಆ ಓದನ್ನು ನಮ್ಮ ಮಕ್ಕಳೇ ಓದಿದರೆ?

ಹಳಿಯಾಳ, ಮುಂಡಗೋಡಗಳಲ್ಲಿ ಇನ್ನೊಂದು ಪಾಠ ಸಿಗುತ್ತದೆ. ಆಫ್ರಿಕಾ ಮೂಲದ ಸಿದ್ದಿ ಸಮುದಾಯ ಶತಮಾನಗಳಿಂದ ಈ ಕಾಡಂಚಿನಲ್ಲಿ ನೆಲೆಸಿದೆ. ಅವರ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳು ಇಂದು ಹೊರದೇಶಗಳಲ್ಲೂ ಹೆಸರು ಮಾಡಿವೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಲ್ಲಿಂದ ಮುಂದೆ ವಿದ್ಯಾರ್ಥಿವೇತನದ ಬಾಗಿಲು ತೆರೆಯಿತು. ಗೆಡ್ಡೆ-ಗೆಣಸಿನ ತಳಿಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಜೋಯಿಡಾದ ಕುಣಬಿಯರಿಗೆ ಆ ಮಾನ್ಯತೆ ಇಲ್ಲ. ಘಟ್ಟದಾಚೆಯ ಗೋವಾದಲ್ಲಿ ಅದೇ ಕುಣಬಿಯರಿಗೆ 2003ರಲ್ಲೇ ಸಿಕ್ಕಿದೆ. ಕಾಗದದ ಮೇಲಿನ ಒಂದು ಸಾಲು ಯಾರ ಮಕ್ಕಳು ಎಲ್ಲಿಯವರೆಗೆ ಓದಬಹುದೆಂದು ನಿರ್ಧರಿಸುತ್ತದೆ.

ಮುಂಡಗೋಡಿನ ಟಿಬೆಟನ್ ನಿರಾಶ್ರಿತರ ನೆಲೆ ಆರಂಭವಾದದ್ದು 1966ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಸಸೆಕ್ಸಿನಲ್ಲಿ ಅಭಿವೃದ್ಧಿ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಶುರುವಾಯಿತು. ‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತನ್ನು ಜಗತ್ತಿಗೆಲ್ಲ ಪರಿಚಯಿಸಿದ ವಿಶ್ವಸಂಸ್ಥೆಯ ಬ್ರುಂಟ್‌ಲಂಡ್ ಆಯೋಗದ ವರದಿ 1987ರದ್ದು. ನಮ್ಮ ಅಣಶಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದೂ 1987ರಲ್ಲೇ. ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿದ್ದು 2015ರಲ್ಲಿ. 2007ರಲ್ಲಿ ಆದ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ‘ಕಾಳಿ’ ಎಂಬ ಹೆಸರು ಬಂದದ್ದೂ ಅದೇ 2015ರಲ್ಲಿ. ಇವೆಲ್ಲ ಕಾಕತಾಳೀಯ ಇರಬಹುದು. ಆದರೆ ನಿರಾಶ್ರಿತರು, ಅಣೆಕಟ್ಟು, ಕಾರ್ಖಾನೆ, ಕಾಡು, ಹುಲಿ, ಬುಡಕಟ್ಟು ಎಂದು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಅಧ್ಯಾಯವಾಗಿ ಕಲಿಸುವುದೆಲ್ಲ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಬಸ್ಸಿನ ದಾರಿಯಲ್ಲಿ ಸಿಗುತ್ತದೆ.

ಇದು ನನಗೆ ತಡವಾಗಿ ಅರ್ಥವಾಯಿತು. ಧಾರವಾಡದಲ್ಲಿ ಪದವಿ ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಸುಸ್ಥಿರತಾ ವರದಿ ತಯಾರಿಸುವ ಕೆಲಸಕ್ಕೆ ಸೇರಿದ್ದೆ. ಎಷ್ಟು ಲೀಟರ್ ನೀರು ಉಳಿಯಿತು, ಎಷ್ಟು ಸಸಿ ನೆಟ್ಟೆವು ಎಂದು ಕೋಷ್ಟಕ ತುಂಬುತ್ತಿದ್ದೆ. ಆ ಸಸಿ ನೆಟ್ಟ ಜಾಗದಲ್ಲಿ ಮೊದಲು ಯಾರ ದನ ಮೇಯುತ್ತಿತ್ತು ಎಂದು ಕೇಳುವ ಅಂಕಣ ಅದರಲ್ಲಿ ಇರಲಿಲ್ಲ. ಆ ಪ್ರಶ್ನೆ ಕೇಳಲು ಕಲಿಯಬೇಕು ಅನಿಸಿತು.

ಮೊದಲ ಸಲ ಹಾಕಿದ ಅರ್ಜಿ ತಿರಸ್ಕೃತವಾಯಿತು. ಅದರಲ್ಲಿ ಪುಸ್ತಕದಿಂದ ಎರವಲು ತಂದ ದೊಡ್ಡ ಮಾತುಗಳೇ ತುಂಬಿದ್ದವು. ಮರುವರ್ಷ ಅಜ್ಜನ ಅಂಗಳದ ಬಗ್ಗೆ ಬರೆದೆ. ಸೀಟು ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಅಲ್ಲಿಯ ತರಗತಿಯಲ್ಲಿ ಅಣೆಕಟ್ಟಿನಿಂದಾದ ಸ್ಥಳಾಂತರದ ಪಾಠ ಬಂದ ದಿನ, ಘಾನಾ, ನೇಪಾಳ, ಬ್ರೆಜಿಲ್ ಸಹಪಾಠಿಗಳ ಮುಂದೆ ಎದ್ದು ನಿಂತು ಸೂಪಾದ ಕಥೆ ಹೇಳಿದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತ ನನ್ನ ಇಂಗ್ಲಿಷ್ ತೊದಲುತ್ತಿತ್ತು. ಆದರೂ ಎಲ್ಲರೂ ಕೇಳಿದರು. ಅವರವರ ಊರಿನಲ್ಲೂ ಒಂದೊಂದು ಸೂಪಾ ಇತ್ತು.

ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಕೆಲವು ಮಾತು ಹೇಳಬೇಕು. ಈ ವಿಷಯ ಓದಲು ವಿದೇಶಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಒಳ್ಳೆಯ ಸ್ನಾತಕೋತ್ತರ ಪಾಠಗಳಿವೆ. ಹೊರಗೆ ಹೋಗುವುದಾದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವೆ. ಬ್ರಿಟನ್ನಿನ ಚೀವ್ನಿಂಗ್, ಜರ್ಮನಿಯ ಡಾಡ್ ವಿದ್ಯಾರ್ಥಿವೇತನಗಳು ಎಲ್ಲರಿಗೂ ಇವೆ. ಚೀವ್ನಿಂಗ್ ಪಡೆಯಲು ಸುಮಾರು ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು, ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕು. ನನಗೆ ಆ ಷರತ್ತು ಬಹಳ ಸರಿ ಅನಿಸುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಮನೆಯಲ್ಲಿ ಸಾಲ ಮಾಡಿ ಹೊರಡುವ ಮೊದಲು ಒಂದೆರಡು ವರ್ಷ ಊರಿನ ಹತ್ತಿರವೇ ಕೆಲಸ ಮಾಡಿ. ಕೇಳಬೇಕಾದ ಪ್ರಶ್ನೆ ಅಲ್ಲೇ ಸಿಗುತ್ತದೆ.

ನಾನು ಈಗ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವ ಹಳ್ಳಿಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ಗ್ರಾಮಸಭೆಯಲ್ಲಿ ಕುಳಿತು ಹಿರಿಯರ ಮಾತು ಕೇಳಿ, ಕಾಡಿನ ನಕ್ಷೆ ಬರೆಯುತ್ತೇವೆ. ಯಾವ ಮರ, ಯಾವ ಹಳ್ಳ, ಯಾವ ದೇವರಬನ ಎಂದು ಅವರು ಹೇಳುತ್ತಾರೆ, ನಾವು ಗುರುತು ಹಾಕುತ್ತೇವೆ.

ಆದರೆ ನನ್ನ ಸ್ವಂತ ಅಜ್ಜನ ನಕ್ಷೆ ನನ್ನ ಬಳಿ ಇಲ್ಲ. ನಾನು ಇಂಗ್ಲೆಂಡಿನಲ್ಲಿದ್ದ ವರ್ಷವೇ ಅವರು ತೀರಿಕೊಂಡರು. ಸೂಪಾ ಪೇಟೆಯಲ್ಲಿ ಯಾರ ಅಂಗಡಿ ಎಲ್ಲಿತ್ತು, ಸಂತೆ ಎಲ್ಲಿ ಕೂಡುತ್ತಿತ್ತು ಎಂದು ಅವರು ನೂರು ಸಲ ಹೇಳಿದ್ದರು. ನಾನು ಒಂದು ಸಲವೂ ಬರೆದುಕೊಳ್ಳಲಿಲ್ಲ. ಸ್ಥಳಾಂತರದ ಮೇಲೆ ಪ್ರಬಂಧ ಬರೆದು ಪದವಿ ತಂದ ನನಗೆ ಇದು ಉಳಿದುಕೊಂಡ ನೋವು.

ಅದಕ್ಕಾಗಿ ಈ ಸುವರ್ಣ ವರ್ಷದಲ್ಲಿ ಒಂದು ವಿನಂತಿ. ಶಾಲೆಯ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ, ಮುಳುಗಿದ ಊರು, ಮುಚ್ಚಿದ ದಾರಿ, ಕಾಣೆಯಾದ ಬಿದಿರು, ಬಿತ್ತುತ್ತಿದ್ದ ಭತ್ತದ ಬಗ್ಗೆ ಎರಡೆರಡು ಪುಟ ಬರೆಯಲಿ. ಮೊದಲ ನೋಟ್‌ಬುಕ್ಕನ್ನು ನಾನು ಕೊಡುತ್ತೇನೆ. ಮೊದಲ ಪುಟದಲ್ಲಿ ಅಜ್ಜನ ಅಂಗಳದ ಬಗ್ಗೆ ನನಗೆ ನೆನಪಿರುವಷ್ಟನ್ನು ಬರೆದಿಡುತ್ತೇನೆ.