ಸೇರುವಾಗ ಇರಲಿಲ್ಲ, ಹೋಗುವಾಗ ಮೊದಲೇ ಇತ್ತು!

ಅಮೆರಿಕದ ಸೇನೆ ಬಿಟ್ಟು ಹೊರಗೆ ಬರುವವರಿಗೆ ಒಂದು ಕಾಗದ ಕೊಡುತ್ತಾರೆ. ಡಿಡಿ-214 ಅಂತ ಅದರ ಹೆಸರು. ನಮ್ಮಲ್ಲಿ ಶಾಲೆ ಬಿಡುವಾಗ ಟಿ.ಸಿ. ಕೊಡುತ್ತಾರಲ್ಲ, ಹೆಚ್ಚು ಕಡಿಮೆ ಹಾಗೇ. ಟಿ.ಸಿ.ಯಲ್ಲಿ ನಡತೆ ಅಂತ ಒಂದು ಸಾಲು ಇರುತ್ತೆ ನೋಡಿ, ಇದರಲ್ಲೂ ಅಂಥದ್ದೊಂದು ಇದೆ. ಅದರ ಜೊತೆಗೆ ಇನ್ನೊಂದು ಸಣ್ಣ ಕಾಲಂ, ಅದರೊಳಗೆ ಒಂದು ಕೋಡ್. ದಿನವಿಡೀ ಎರರ್ ಕೋಡುಗಳ ಜೊತೆ ಗುದ್ದಾಡುವವನು ನಾನು. ಹಾಗಾಗಿ ಈ ಕಾಗದದ ಬಗ್ಗೆ ಓದುವಾಗ ಮೊದಲು ಕಣ್ಣು ಹೋದದ್ದು ಆ ಕಾಲಂ ಕಡೆಗೇ.

1974ರವರೆಗೆ ಆ ಕೋಡಿಗೆ ಎಸ್‌ಪಿಎನ್ ಅನ್ನುತ್ತಿದ್ದರು, ಸೈನಿಕರ ಬಾಯಲ್ಲಿ ಸ್ಪಿನ್ ನಂಬರ್. ಕಾಗದ ಹಿಡಿದುಕೊಂಡು ಊರಿಗೆ ಹೋದ ಹುಡುಗನಿಗೆ ಸಾಮಾನ್ಯವಾಗಿ ಅದರ ಅರ್ಥ ಗೊತ್ತಿರುತ್ತಿರಲಿಲ್ಲ. ಆದರೆ ಕೋಡುಗಳ ಪಟ್ಟಿ ಹೇಗೋ ಹೊರಗೆ ಬಂದು ಕೆಲಸ ಕೊಡುವ ಕಂಪನಿಗಳ ಕೈ ಸೇರಿತ್ತು. 264 ಅಂತಿದ್ದರೆ "ಅಯೋಗ್ಯ, ಸ್ವಭಾವ ಮತ್ತು ನಡವಳಿಕೆಯ ದೋಷ" ಎಂದು ಅರ್ಥ. ಅಂದರೆ ಇಂಟರ್‌ವ್ಯೂನಲ್ಲಿ ಮೇಜಿನ ಆಚೆ ಕೂತವನಿಗೆ ಇವನ ಬಗ್ಗೆ ಇವನಿಗಿಂತ ಹೆಚ್ಚು ಗೊತ್ತು! ಇದು ಬಯಲಾಗಿ ಗಲಾಟೆಯಾದ ಮೇಲೆ 1974ರಲ್ಲಿ ಕಾಗದದ ಮೇಲೆ ಆ ನಂಬರ್ ಹಾಕುವುದನ್ನು ನಿಲ್ಲಿಸಿದರು. ಈಗಿನ ಕಾಗದದ ಪೂರ್ಣ ಪ್ರತಿಯಲ್ಲಿ ಬೇರೆ ಥರದ ಕೋಡ್ ಇದೆ, 26ನೇ ಕಾಲಂನಲ್ಲಿ. ಅಲ್ಲಿ ಜೆಎಫ್‌ಎಕ್ಸ್ ಅಂತಿದ್ದರೆ ಪರ್ಸನಾಲಿಟಿ ಡಿಸಾರ್ಡರ್, ವ್ಯಕ್ತಿತ್ವದ ದೋಷ.

ಈ ವ್ಯಕ್ತಿತ್ವದ ದೋಷ ಅನ್ನುವುದರಲ್ಲೇ ಇರುವುದು ಎಲ್ಲ ತಕರಾರು. ವೈದ್ಯರ ಲೆಕ್ಕದಲ್ಲಿ ಇದು ಹರೆಯದ ಹೊತ್ತಿಗೇ ಮನುಷ್ಯನಲ್ಲಿ ಬೇರು ಬಿಟ್ಟಿರುವ ಸ್ವಭಾವ. ಹಾಗಾಗಿ ಸೇನೆ ಹೇಳುತ್ತದೆ: ಇದು ನಮ್ಮಲ್ಲಿ ಬಂದದ್ದಲ್ಲ, ನೀನೇ ಮನೆಯಿಂದ ತಂದದ್ದು. ನಾವು ಕಾರಣರಲ್ಲ ಅಂದಮೇಲೆ ಅಂಗವೈಕಲ್ಯದ ಪಿಂಚಣಿಯೂ ಇಲ್ಲ. ಯುದ್ಧದ ಆಘಾತದಿಂದ ಬಂದ ಕಾಯಿಲೆ ಅಂತಾದರೆ ಜೀವನವಿಡೀ ಚಿಕಿತ್ಸೆ, ಪಿಂಚಣಿ ಎರಡನ್ನೂ ಕೊಡಬೇಕಾಗಬಹುದು. ಒಂದೇ ಹುಡುಗ, ಅದೇ ನಿದ್ದೆಗೇಡು, ಅದೇ ಸಿಟ್ಟು. ಡಾಕ್ಟರು ಯಾವ ಪದ ಬರೆದರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಮ್ಮ ಕಸುಬಿನಲ್ಲೂ ಈ ಜಗಳ ಇದೆ ಬಿಡಿ. ಕ್ಲೈಂಟ್ ಹತ್ತಿರ ಸಾಫ್ಟ್‌ವೇರ್ ಕೆಟ್ಟರೆ "ಇದು ಮೊದಲಿಂದಲೂ ಇದ್ದ ಬಗ್" ಅಂತ ಒಂದು ಟೀಮು, "ನಿಮ್ಮ ಹತ್ತಿರ ಬಂದಮೇಲೆ ಕೆಟ್ಟದ್ದು" ಅಂತ ಇನ್ನೊಂದು ಟೀಮು. ಆಗ ಯಾರಾದರೂ ಒಬ್ಬರು ಕೇಳುತ್ತಾರೆ, "ಹಾಗಾದರೆ ಟೆಸ್ಟ್ ಮಾಡಿ ಪಾಸ್ ಅಂತ ಸಹಿ ಹಾಕಿ ತಗೊಂಡವರು ಯಾರಪ್ಪ?" ಸೇನೆಗೆ ಸೇರುವಾಗಲೂ ವೈದ್ಯಕೀಯ ಪರೀಕ್ಷೆ ಇದೆ. ಪಾಸಾದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಸೇರುವಾಗ ಕಾಣದ ದೋಷ ಕಳಿಸುವಾಗ ಮಾತ್ರ ಹುಟ್ಟಿನಿಂದ ಇದ್ದದ್ದಾಗಿಬಿಡುತ್ತೆ. ಸೇರುವಾಗಿನ ದಾಖಲೆಯಲ್ಲಿ ಇಲ್ಲದ ಕಾಯಿಲೆ ಇರಲಿಲ್ಲವೆಂದೇ ಭಾವಿಸಬೇಕು ಅಂತ ಅಮೆರಿಕದ ನಿವೃತ್ತ ಸೈನಿಕರ ಕಾನೂನಿನಲ್ಲಿ ಒಂದು ಒಳ್ಳೇ ನಿಯಮ ಇದೆ. ಆದರೆ ಅದೇ ವ್ಯವಸ್ಥೆಯ ಇನ್ನೊಂದು ನಿಯಮದ ಪ್ರಕಾರ ವ್ಯಕ್ತಿತ್ವದ ದೋಷ ಅನ್ನುವುದು ಪರಿಹಾರದ ಮಟ್ಟಿಗೆ ಕಾಯಿಲೆಯೇ ಅಲ್ಲ! ಬಾಗಿಲು ತೆರೆದು ಒಳಗಿನಿಂದ ಚಿಲಕ ಹಾಕಿದ ಹಾಗೆ.

ಸರಿ, ಒಬ್ಬ ನಾವಿಕನ ಕಥೆ ಹೇಳುತ್ತೇನೆ. ಕೋರ್ಟಿನ ದಾಖಲೆಯಲ್ಲಿ ಹೆಸರಿದೆ, ಇಲ್ಲಿ ಬೇಡ.

1967ರ ಜುಲೈ 29. ವಿಯೆಟ್ನಾಂ ಕರಾವಳಿಯ ಟಾಂಕಿನ್ ಕೊಲ್ಲಿಯಲ್ಲಿ ಯುಎಸ್ಎಸ್ ಫಾರೆಸ್ಟಲ್ ಎಂಬ ವಿಮಾನವಾಹಕ ಹಡಗು. ಡೆಕ್ ಮೇಲೆ ಇಂಧನ, ಬಾಂಬು ತುಂಬಿಕೊಂಡು ವಿಮಾನಗಳು ಸಾಲಾಗಿ ನಿಂತಿವೆ. ಒಂದು ವಿಮಾನದಲ್ಲಿ ಹೊರಗಿನ ವಿದ್ಯುತ್ತಿನಿಂದ ಒಳಗಿನ ವಿದ್ಯುತ್ತಿಗೆ ಬದಲಾಯಿಸುವಾಗ ಕರೆಂಟ್ ಏರುಪೇರಾಗಿ ರಾಕೆಟ್ಟೊಂದು ತಾನಾಗಿ ಹಾರಿತು. ಹಾರಬಾರದು ಅಂತ ಒಂದಲ್ಲ, ಎರಡು ರಕ್ಷಣೆಗಳಿದ್ದವು. ಹೊತ್ತು ಉಳಿಸುವುದಕ್ಕೆ ಒಂದು ಹಂತವನ್ನು ಮುಂಚೆಯೇ ಮುಗಿಸುವ ರೂಢಿ ಬಂದಿತ್ತು, ಇನ್ನೊಂದು ಅದೇ ದಿನ ಕೈಕೊಟ್ಟಿತು. ರಾಕೆಟ್ ಎದುರಿನ ವಿಮಾನದ ಇಂಧನ ಟ್ಯಾಂಕಿಗೆ ಬಡಿದು ಬೆಂಕಿ. ಡೆಕ್ ಮೇಲಿದ್ದ ಬಾಂಬುಗಳಲ್ಲಿ ಕೆಲವು ಹಳೇ ಸ್ಟಾಕು, ಬೆಂಕಿ ತಗುಲಿದರೆ ಬೇಗ ಸಿಡಿಯುವಂಥವು. ಒಂದೂವರೆ ನಿಮಿಷದ ಸುಮಾರಿಗೆ ಮೊದಲನೆಯದು ಸಿಡಿದಾಗ ನೀರು ಹಿಡಿದು ಮುಂದೆ ಹೋಗಿದ್ದ ಬೆಂಕಿ ಆರಿಸುವ ತಂಡವೇ ಹೋಯಿತು. ಒಟ್ಟು 134 ಜನ ಸತ್ತರು. (ಮುಂದೆ ಅಧ್ಯಕ್ಷ ಚುನಾವಣೆಗೆ ನಿಂತ ಜಾನ್ ಮೆಕೇನ್ ಆ ದಿನ ಅಲ್ಲೇ ಒಂದು ವಿಮಾನದಲ್ಲಿ ಕೂತಿದ್ದವರು, ಹೇಗೋ ಬಚಾವಾದರು.)

ನಮ್ಮ ನಾವಿಕನೂ ಆ ಹಡಗಿನಲ್ಲಿದ್ದ. 1968ರಲ್ಲಿ ನೌಕಾಪಡೆ ಅವನನ್ನು ಮನೆಗೆ ಕಳಿಸಿತು. ಕಾರಣ? "ಭಾವನಾತ್ಮಕವಾಗಿ ಅಸ್ಥಿರ ವ್ಯಕ್ತಿತ್ವ", ಅದೂ ಸೇವೆಗೆ ಸೇರುವ ಮುಂಚಿನಿಂದ ಇದ್ದದ್ದು.

ಆ ವೈದ್ಯರನ್ನು ಬೈಯುವುದು ಸುಲಭ. ಆದರೆ 1968ರಲ್ಲಿ ಅವರ ಕೈಯಲ್ಲಿ ಬೇರೆ ಪದ ಯಾವುದಿತ್ತು ಅಂತಲೂ ನೋಡಬೇಕು. ಮೊದಲನೇ ಮಹಾಯುದ್ಧದಲ್ಲಿ ಶೆಲ್ ಶಾಕ್ ಅಂದರು, ಎರಡನೆಯದರಲ್ಲಿ ಯುದ್ಧದ ಬಳಲಿಕೆ ಅಂದರು. 1943ರ ಆಗಸ್ಟ್‌ನಲ್ಲಿ ಜನರಲ್ ಪ್ಯಾಟನ್ ಸಿಸಿಲಿಯ ಆಸ್ಪತ್ರೆಗಳಲ್ಲಿ ಇಂಥ ಇಬ್ಬರು ಸೈನಿಕರ ಕೆನ್ನೆಗೆ ಹೊಡೆದು ಐಸೆನ್‌ಹೋವರ್ ಕೈಯಲ್ಲಿ ಬೈಸಿಕೊಂಡದ್ದು ಪ್ರಸಿದ್ಧ ಕಥೆ. ಆ ಯುದ್ಧದ ಅನುಭವದಿಂದಲೇ ಅಮೆರಿಕದ ಮನೋವೈದ್ಯರು 1952ರಲ್ಲಿ ತಮ್ಮ ಕಾಯಿಲೆಗಳ ಕೈಪಿಡಿ, ಡಿಎಸ್ಎಂ, ಮೊದಲ ಸಲ ತಂದರು. ಮೊದಲು ಆರೋಗ್ಯವಾಗಿದ್ದ ಮನುಷ್ಯನೂ ಯುದ್ಧದಂಥ ಭಾರೀ ಒತ್ತಡದಲ್ಲಿ ಕುಸಿಯಬಹುದು ಅನ್ನುವ ಒಂದು ರೋಗನಾಮ ಅದರಲ್ಲಿತ್ತು. 1968ರ ಎರಡನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು! ವಿಯೆಟ್ನಾಂ ಯುದ್ಧ ತಾರಕಕ್ಕೇರಿದ ವರ್ಷ. ನಾನು ಈ ಇಸವಿಗಳನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡೆ.

ಮತ್ತೆ ಆ ಪದ ಹುಟ್ಟಬೇಕಾದರೆ ಸೈನಿಕರೇ ಹಟ ಹಿಡಿಯಬೇಕಾಯಿತು. 1970ರಿಂದ ನ್ಯೂಯಾರ್ಕಿನಲ್ಲಿ ವಿಯೆಟ್ನಾಂನಿಂದ ಬಂದವರು ಗುಂಪಾಗಿ ಕೂತು ತಮ್ಮ ಕಥೆ ಹೇಳಿಕೊಳ್ಳತೊಡಗಿದರು. ಅವರ ಜೊತೆ ಕೂತು ಕೇಳಿದ ಮನೋವೈದ್ಯರು ಖೈಮ್ ಶಟಾನ್ ಮತ್ತು ರಾಬರ್ಟ್ ಜೇ ಲಿಫ್ಟನ್. ಹತ್ತು ವರ್ಷ ಜಗ್ಗಾಡಿದ ಮೇಲೆ 1980ರ ಮೂರನೇ ಆವೃತ್ತಿಯಲ್ಲಿ ಪಿಟಿಎಸ್‌ಡಿ ಸೇರಿತು. ಅಂದರೆ ಅದಕ್ಕೆ ಮುಂಚೆ ಮನೆಗೆ ಹೋದವರ ಯಾವ ಫೈಲಿನಲ್ಲಿ ಹುಡುಕಿದರೂ ಪಿಟಿಎಸ್‌ಡಿ ಅನ್ನುವ ಪದ ಸಿಗುವ ಹಾಗೇ ಇಲ್ಲ.

ಈಗ ಮರುಪರಿಶೀಲನೆಗೆ ಬರೋಣ. ಬಿಡುಗಡೆ ಪತ್ರ ತಪ್ಪಾಗಿದ್ದರೆ ತಿದ್ದಿಸಿಕೊಳ್ಳುವುದಕ್ಕೆ ಎರಡು ಕಡೆ ದಾರಿ ಇದೆ. ಒಂದು, 1944ರ ಜಿಐ ಬಿಲ್ ಜೊತೆಗೇ ಬಂದ ಬಿಡುಗಡೆ ಪರಿಶೀಲನಾ ಮಂಡಳಿ. ಬಿಡುಗಡೆಯಾಗಿ 15 ವರ್ಷದೊಳಗೆ ಅರ್ಜಿ ಹಾಕಬೇಕು. ನಡತೆಯ ಸಾಲನ್ನು ತಿದ್ದಬಹುದು, ಆದರೆ ಕಾಯಿಲೆಗಾಗಿ ನಿವೃತ್ತಿ ಅಂತ ಬದಲಾಯಿಸುವ ಅಧಿಕಾರ ಇದಕ್ಕಿಲ್ಲ. ಇನ್ನೊಂದು, 1946ರ ಕಾಯ್ದೆಯಿಂದ ಬಂದ ದಾಖಲೆ ತಿದ್ದುಪಡಿ ಮಂಡಳಿ. ಇದಕ್ಕೆ ಅಧಿಕಾರ ಜಾಸ್ತಿ. ಗಡುವು ಮೂರೇ ವರ್ಷ, ನ್ಯಾಯದ ದೃಷ್ಟಿಯಿಂದ ಬೇಕಾದರೆ ಮನ್ನಾ ಮಾಡಬಹುದು. ಎರಡು ಕಡೆಯೂ ಮಂಡಳಿ ಶುರು ಮಾಡುವುದು ಒಂದೇ ನಂಬಿಕೆಯಿಂದ: ಸರಕಾರಿ ದಾಖಲೆ ಸರಿಯಾಗಿದೆ, ತಪ್ಪು ಅನ್ನುವವನು ಸಾಬೀತು ಮಾಡಲಿ. ಯಾವುದರಿಂದ? ಅದೇ ಫೈಲಿನಿಂದ! ಫೈಲು ಬರೆದವರು ಯಾರು? ಅವನನ್ನು ಹೊರಗೆ ಕಳಿಸಿದವರು.

ಹಾಗಂತ ಒಳಗಿನವರಿಗೆ ಇದು ಗೊತ್ತೇ ಇರಲಿಲ್ಲ ಅಂತಲ್ಲ. 1977ರ ಜನವರಿಯ ಬ್ರಾಟ್ಸ್‌ಮನ್ ಮೆಮೊ, 1978ರ ಫೆಬ್ರವರಿಯ ನೆಲ್ಸನ್ ಮೆಮೊ ಅಂತ ಭೂಸೇನೆಯ ಎರಡು ಆದೇಶಗಳಿವೆ. ವ್ಯಕ್ತಿತ್ವದ ದೋಷ ಅಂತ ಕಳಿಸಿದವರಿಗೆ, ಸ್ಪಷ್ಟವಾದ ಬೇರೆ ಕಾರಣ ಇಲ್ಲದಿದ್ದರೆ, ಪೂರ್ತಿ ಗೌರವದ ಬಿಡುಗಡೆಯನ್ನೇ ಕೊಡಬೇಕು, ಹಳೇ ಪ್ರಕರಣಗಳಿಗೂ ಇದು ಅನ್ವಯ ಅಂತ. ಒಳ್ಳೇದೇ. ಆದರೆ ತಿದ್ದಿದ್ದು ನಡತೆಯ ಸಾಲನ್ನು. ಕಾಯಿಲೆಯ ಹೆಸರು ಹಾಗೇ ಉಳಿಯಿತು. ನೀನು ಒಳ್ಳೆಯವನೇ, ದೋಷ ಮಾತ್ರ ನಿನ್ನದೇ ಅಂದ ಹಾಗೆ.

ಇಷ್ಟೆಲ್ಲ ಆದಮೇಲೆ ಇರಾಕ್ ಯುದ್ಧದ ಹೊತ್ತಿಗೆ ಪಾಠ ಕಲಿತಿರಬೇಕಲ್ಲ? ಕಲಿಯಲಿಲ್ಲ. 2007ರ ಏಪ್ರಿಲ್‌ನಲ್ಲಿ ಜೋಶುವಾ ಕಾರ್ಸ್ ಎಂಬ ಪತ್ರಕರ್ತ 'ದಿ ನೇಶನ್' ಪತ್ರಿಕೆಯಲ್ಲಿ ಒಬ್ಬ ಸೈನಿಕನ ಕಥೆ ಬರೆದರು. 2004ರಲ್ಲಿ ರಮಾದಿಯಲ್ಲಿ ರಾಕೆಟ್ ದಾಳಿಗೆ ಸಿಕ್ಕಿ, ಕಿವಿ ಮಂದವಾಗಿ, ಪರ್ಪಲ್ ಹಾರ್ಟ್ ಪದಕ ಪಡೆದವನು. ಅವನನ್ನೂ ವ್ಯಕ್ತಿತ್ವದ ದೋಷ ಅಂತಲೇ ಕಳಿಸಿದ್ದರು. ಸಾಲದ್ದಕ್ಕೆ, ಅವಧಿ ಪೂರ್ತಿ ಮಾಡಲಿಲ್ಲ ಅಂತ ಇಂಥವರಿಂದ ಸೇರುವಾಗ ಕೊಟ್ಟ ಬೋನಸ್ಸಿನ ಭಾಗವನ್ನೂ ವಾಪಸ್ ಕೇಳುತ್ತಿದ್ದರು! ಅದೇ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. 2001ರಿಂದ ಅಲ್ಲಿಯವರೆಗೆ ಎಲ್ಲ ಪಡೆಗಳಿಂದ ಹೀಗೆ ಹೋದವರು 22,000ಕ್ಕೂ ಹೆಚ್ಚು. 2008ರಲ್ಲಿ ನಿಯಮ ಬಿಗಿ ಮಾಡಿದರು. ಯುದ್ಧಭೂಮಿಗೆ ಹೋಗಿ ಬಂದವರಾದರೆ ಇನ್ನೊಬ್ಬ ಮನೋವೈದ್ಯರು ಒಪ್ಪಬೇಕು, ಸರ್ಜನ್ ಜನರಲ್ ಮಟ್ಟದಲ್ಲಿ ಸಹಿ ಬೀಳಬೇಕು.

ಹಳಬರ ಗತಿ? 2014ರ ಮಾರ್ಚ್‌ನಲ್ಲಿ ವಿಯೆಟ್ನಾಂ ಸೈನಿಕರ ಪರವಾಗಿ ಯೇಲ್ ಕಾನೂನು ಶಾಲೆಯ ವಿದ್ಯಾರ್ಥಿಗಳ ಕ್ಲಿನಿಕ್ ಕೇಸು ಹಾಕಿತು. ಸೆಪ್ಟೆಂಬರ್ 3ಕ್ಕೆ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಒಂದು ಮೆಮೊ ಹೊರಡಿಸಿದರು: ಪಿಟಿಎಸ್‌ಡಿ ಕಾರಣ ಕೊಟ್ಟು ಬರುವ ಅರ್ಜಿಗಳನ್ನು ಉದಾರವಾಗಿ ನೋಡಿ, ಆ ಕಾಲದ ಫೈಲಿನಲ್ಲಿ ಆ ಪದ ಇರಲು ಸಾಧ್ಯವಿರಲಿಲ್ಲ ಅನ್ನುವುದು ನೆನಪಿರಲಿ. ಹೇಗಲ್ ಸ್ವತಃ 1968ರಲ್ಲಿ ವಿಯೆಟ್ನಾಂನಲ್ಲಿ ಕಾಲಾಳಾಗಿ ಹೋರಾಡಿ ಎರಡು ಸಲ ಗಾಯಗೊಂಡವರು, ತಮ್ಮನೂ ಜೊತೆಗಿದ್ದ. ಒಂದಂಕಿ ಶೇಕಡಾದಲ್ಲಿ ತೆವಳುತ್ತಿದ್ದ ಒಪ್ಪಿಗೆಯ ಪ್ರಮಾಣ ಆಮೇಲೆ ಹಲವು ಪಟ್ಟು ಏರಿತು. 2017ರ ಆಗಸ್ಟ್‌ನ ಕರ್ಟಾ ಮೆಮೊ ಇನ್ನೂ ಮುಂದೆ ಹೋಗಿ, ಅರ್ಜಿದಾರನ ಸ್ವಂತ ಹೇಳಿಕೆಯೇ ಸಾಕ್ಷಿಯಾಗಬಹುದು ಅಂದಿತು. ಆದರೂ ಮಂಡಳಿಗಳು ಹಳೇ ಚಾಳಿ ಬಿಡಲಿಲ್ಲ ಅಂತ ಮತ್ತೆ ಕೇಸು. 2021ರಲ್ಲಿ ಭೂಸೇನೆ, 2022ರಲ್ಲಿ ನೌಕಾಪಡೆ ರಾಜಿಯಾಗಿ, ತಿರಸ್ಕರಿಸಿದ ಸಾವಿರಾರು ಅರ್ಜಿಗಳನ್ನು ಮತ್ತೆ ನೋಡಲು ಒಪ್ಪಿದವು.

ನಮ್ಮ ದೇಶದಲ್ಲಿ ಹೇಗೆ ಅಂತ ನಿಮಗೂ ಅನಿಸಿರಬಹುದು. ಕಾಗದದ ಮೇಲೆ ನಮ್ಮ ಹಳೇ ನಿಯಮವೇ ವಾಸಿಯಾಗಿತ್ತು. 1982ರ ನಿಯಮಗಳ ಪ್ರಕಾರ, ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆಗಾಗಿ ಕಳಿಸಿದರೆ ಅದು ಸೇವೆಯಲ್ಲೇ ಬಂದದ್ದು ಅಂತ ಭಾವಿಸಬೇಕಿತ್ತು, ಪರೀಕ್ಷೆಯಲ್ಲಿ ಗೊತ್ತಾಗುವಂಥದ್ದಲ್ಲ ಅಂತ ವೈದ್ಯರು ಕಾರಣ ಸಮೇತ ಬರೆಯದ ಹೊರತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಒಬ್ಬ ಮೂರ್ಛೆರೋಗದ ಸೈನಿಕನ ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿ ಪಿಂಚಣಿ ಕೊಡಿಸಿತು. ಅದೇ ತಿಂಗಳು, 1977ರಲ್ಲಿ ಸ್ಕಿಜೋಫ್ರೇನಿಯಾ ಥರದ್ದು ಅಂತ ಹೊರಹಾಕಿದ್ದ ಇನ್ನೊಬ್ಬನ ವಿಷಯದಲ್ಲಿ, ವೈದ್ಯರ ಅಭಿಪ್ರಾಯವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ ಅಂತ ಹೇಳಿ ಹೊಸ ವೈದ್ಯಕೀಯ ಮಂಡಳಿಯಿಂದ ಪರಿಶೀಲನೆಗೆ ಆದೇಶಿಸಿತು. ಅಷ್ಟರಲ್ಲಿ 36 ವರ್ಷ ಕಳೆದಿತ್ತು, ಅದು ಬೇರೆ ಮಾತು.

ಫಾರೆಸ್ಟಲ್ ನಾವಿಕನ ಕಥೆ ಅರ್ಧಕ್ಕೇ ನಿಂತಿದೆ. ದಶಕಗಳ ನಂತರ ನಿವೃತ್ತ ಸೈನಿಕರ ಇಲಾಖೆ ಅವನನ್ನು ಪರೀಕ್ಷಿಸಿ, ಇವನಿಗಿರುವುದು ಪಿಟಿಎಸ್‌ಡಿ, ಬಂದದ್ದು ಸೇವೆಯಿಂದಲೇ ಅಂತ ಒಪ್ಪಿಕೊಂಡಿತು. ಒಂದೇ ಸರಕಾರದ ಎರಡು ಕಾಗದ ಅವನ ಕೈಯಲ್ಲಿ: ಒಂದರಲ್ಲಿ ಮನೆಯಿಂದ ತಂದದ್ದು ಅಂತ, ಇನ್ನೊಂದರಲ್ಲಿ ನಾವೇ ಕೊಟ್ಟದ್ದು ಅಂತ. ಹಳೆಯದನ್ನು ತಿದ್ದಿ, ಕಾಯಿಲೆಗಾಗಿ ನಿವೃತ್ತಿ ಅಂತ ಮಾಡಿ ಎಂದು ಕೇಳಿದ. ನೌಕಾಪಡೆಯ ಮಂಡಳಿ ಆಗಲ್ಲ ಅಂತು. ಉದಾರವಾಗಿ ನೋಡಿ ಅನ್ನುವ ಮಾತು ಇಂಥ ಬೇಡಿಕೆಗೆ ಅನ್ವಯಿಸುವುದಿಲ್ಲವಂತೆ. ಕೆಳಗಿನ ಕೋರ್ಟೂ ಮಂಡಳಿಯ ಕಡೆಗೇ ನಿಂತಿತು. 2023ರ ಜನವರಿಯಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಅನ್ವಯಿಸುತ್ತದೆ, ಮತ್ತೆ ನೋಡಿ ಅಂತ ವಾಪಸ್ ಕಳಿಸಿತು. ಬಿಡುಗಡೆಯಾಗಿ ಆಗ ಸುಮಾರು 55 ವರ್ಷ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. 2024ರ ಏಪ್ರಿಲ್‌ನಲ್ಲಿ ರಕ್ಷಣಾ ಇಲಾಖೆ ಇನ್ನೊಂದು ಮೆಮೊ ಹೊರಡಿಸಿದೆ. ಪ್ರಶ್ನೆಯನ್ನು ಎರಡು ಭಾಗ ಮಾಡಿ: ಬಿಡುಗಡೆಯ ಬಗೆ ಮತ್ತು ಕಾರಣವನ್ನು ಬದಲಾಯಿಸಬೇಕೇ ಅನ್ನುವುದನ್ನು ಉದಾರವಾಗಿ ನೋಡಿ. ಆಗ ಅವನು ಸೇವೆಗೆ ಅಸಮರ್ಥನಾಗುವಷ್ಟು ಕಾಯಿಲೆಯಲ್ಲಿದ್ದನೇ, ನಿವೃತ್ತಿ ಕೊಡಬೇಕೇ ಅನ್ನುವುದನ್ನು ಮಾತ್ರ ಹಳೇ ಕ್ರಮದಲ್ಲೇ ನೋಡಿ ಅಂತ. ಹಳೇ ಕ್ರಮ ಅಂದರೆ ಮತ್ತೆ ಅದೇ ಫೈಲು, 1968ರ ಡಾಕ್ಟರು ಬರೆದ ಅದೇ ಸಾಲು.