ಬೀಟಾ ವಿಕಿರಣ: ವಸ್ತು ಮತ್ತು ದೇಹವನ್ನು ಹೊಗುವ ಬಗೆ

ಅಸ್ಥಿರ ಪರಮಾಣುವಿನ ನ್ಯೂಕ್ಲಿಯಸ್‌ನಿಂದ ಮಹಾವೇಗದಲ್ಲಿ ಹೊರಚಿಮ್ಮುವ ಎಲೆಕ್ಟ್ರಾನ್ ಅಥವಾ ಪಾಸಿಟ್ರಾನ್‌ಗಳೇ ಬೀಟಾ ವಿಕಿರಣ. ಆಲ್ಫಾ ಕಣಕ್ಕೆ ಕಾಗದ, ಬೀಟಾಕ್ಕೆ ಅಲ್ಯೂಮಿನಿಯಂ ತಗಡು, ಗಾಮಾಕ್ಕೆ ಸೀಸ ಅಡ್ಡವಾಗುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಅದು ಸುಳ್ಳಲ್ಲ, ಆದರೆ ಬೀಟಾ ಕಣಗಳೆಲ್ಲ ಒಂದೇ ಬಲದವು ಎಂಬ ತಪ್ಪು ಭಾವನೆಗೆ ದಾರಿ ಮಾಡುತ್ತದೆ. ಯಿಟ್ರಿಯಂ-90ರ ಕಣದ ಗರಿಷ್ಠ ಶಕ್ತಿ 2.28 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಅದು ಮಾಂಸದೊಳಗೆ ಸುಮಾರು 11 ಮಿ.ಮೀ. ಆಳಕ್ಕೆ ಇಳಿಯಬಲ್ಲದು. ಹೈಡ್ರೋಜನ್‌ನ ವಿಕಿರಣಶೀಲ ರೂಪವಾದ ಟ್ರೀಷಿಯಂನದು ಬರೀ 18.6 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಗಾಳಿಯಲ್ಲೇ ಆರೇಳು ಮಿ.ಮೀ. ಸಾಗುವಷ್ಟರಲ್ಲಿ ಸೋತುಹೋಗುತ್ತದೆ. ಚರ್ಮದ ಮೇಲಿನ ಸತ್ತ ಪದರ ಸುಮಾರು 0.07 ಮಿ.ಮೀ. ದಪ್ಪ. ಅದನ್ನು ದಾಟಲು ಕಣಕ್ಕೆ ಸುಮಾರು 70 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು.

ಹಾಗಾದರೆ ಟ್ರೀಷಿಯಂಗೆ ಹೆದರುವುದೇಕೆ? ಚೆನ್ನೈಗೆ ಸುಮಾರು 70 ಕಿ.ಮೀ. ದಕ್ಷಿಣದ ಕಲ್ಪಾಕ್ಕಂನಲ್ಲಿ 1984 ಮತ್ತು 1986ರಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆಗಿಳಿದ ಎರಡು ರಿಯಾಕ್ಟರ್‌ಗಳು ಇದಕ್ಕೆ ಉತ್ತರ ಕೊಡುತ್ತವೆ. ಎರಡೂ ಭಾರಜಲ ಬಳಸುವಂಥವು. ಅದರ ಡ್ಯೂಟೀರಿಯಂ ನ್ಯೂಟ್ರಾನ್ ನುಂಗಿದಾಗ ಟ್ರೀಷಿಯಂ ಹುಟ್ಟುತ್ತದೆ. ಆ ಟ್ರೀಷಿಯಂ ನೀರಿನ ಅಣುವಿನ ಭಾಗವೇ ಆಗಿರುವುದರಿಂದ ಅದಕ್ಕೆ ಚರ್ಮವನ್ನು ಭೇದಿಸುವ ಬಲ ಬೇಕಿಲ್ಲ: ಆವಿಯಾಗಿ ಉಸಿರಿನ ಜೊತೆ ಹೋಗುತ್ತದೆ, ಚರ್ಮದ ಮೂಲಕವೂ ಇಂಗುತ್ತದೆ, ಮೈಯ ನೀರಲ್ಲೆಲ್ಲ ಬೆರೆಯುತ್ತದೆ. ಹೊರಗಿದ್ದಾಗ ಸತ್ತ ಪದರದಲ್ಲೇ ಮುಗಿದುಹೋಗುತ್ತಿದ್ದ ಶಕ್ತಿ ಈಗ ಪೂರ್ತಿಯಾಗಿ ಜೀವಂತ ಕೋಶದೊಳಗೇ ಖರ್ಚಾಗುತ್ತದೆ. 2009ರ ನವೆಂಬರ್‌ನಲ್ಲಿ ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ಟ್ರೀಷಿಯಂ ಇದ್ದ ಭಾರಜಲ ಕುಡಿಯುವ ನೀರಿನ ಕೂಲರ್‌ಗೆ ಸೇರಿ, ಹಲವು ನೌಕರರ ಮೂತ್ರದಲ್ಲಿ ಅದು ಕಾಣಿಸಿತು. ಅದನ್ನು ದೊಡ್ಡ ದುರಂತವೆಂದು ಬಿಂಬಿಸುವುದು ತಪ್ಪು, ಏಕೆಂದರೆ ದೇಹ ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಟ್ರೀಷಿಯಂ ಅನ್ನು ಹೊರಹಾಕುತ್ತದೆ, ಹೆಚ್ಚು ನೀರು ಕುಡಿದರೆ ಇನ್ನೂ ಬೇಗ. ಆದರೆ ವಿಕಿರಣ ಅಳೆಯಲು ನೌಕರರು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್‌ಗೆ ಈ ಡೋಸ್ ಗೊತ್ತೇ ಆಗುವುದಿಲ್ಲ ಎಂಬುದನ್ನು ಮರೆಯಬಾರದು. ಬ್ಯಾಡ್ಜ್‌ನಲ್ಲಿ ಮೂರು ಬಿಲ್ಲೆಗಳಿರುತ್ತವೆ: ಒಂದರ ಮುಂದೆ ಲೋಹ, ಇನ್ನೊಂದರ ಮುಂದೆ ಪ್ಲಾಸ್ಟಿಕ್, ಮೂರನೆಯದು ತೆರೆದದ್ದು. ಅವುಗಳ ಓದಿನ ವ್ಯತ್ಯಾಸದಿಂದ ಬಲವಾದ ಬೀಟಾ ಸಿಕ್ಕಿಬೀಳುತ್ತದೆ. ಟ್ರೀಷಿಯಂಗೆ ಮೂತ್ರಪರೀಕ್ಷೆಯೇ ಗತಿ.

ಎಲ್ಲದಕ್ಕೂ ಸೀಸವನ್ನೇ ಅಡ್ಡವಿಟ್ಟರಾಯಿತಲ್ಲ ಎಂದು ವಾದಿಸುವವರಿದ್ದಾರೆ. ಬಲವಾದ ಬೀಟಾದ ಮಟ್ಟಿಗೆ ಇದು ಅಪಾಯಕಾರಿ ಸಲಹೆ. ಭಾರವಾದ ಪರಮಾಣುಗಳ ನಡುವೆ ಎಲೆಕ್ಟ್ರಾನ್ ತಟ್ಟನೆ ವೇಗ ಕಳೆದುಕೊಂಡಾಗ ಎಕ್ಸ್‌ ಕಿರಣ ಹೊಮ್ಮುತ್ತದೆ, ಅದು ಬೀಟಾಕ್ಕಿಂತ ಎಷ್ಟೋ ಆಳಕ್ಕೆ ತೂರುತ್ತದೆ. ಆದ್ದರಿಂದಲೇ ರಂಜಕ-32 ಬಳಸುವ ಪ್ರಯೋಗಾಲಯಗಳಲ್ಲಿ ಮೊದಲ ತಡೆಯಾಗಿ ಸುಮಾರು ಒಂದು ಸೆಂ.ಮೀ. ದಪ್ಪದ ಅಕ್ರಿಲಿಕ್ ಹಲಗೆ ನಿಲ್ಲಿಸುತ್ತಾರೆ. ಸೀಸ ಬೇಕೆನಿಸಿದರೆ ಅದರ ಜಾಗ ಅಕ್ರಿಲಿಕ್‌ನ ಆಚೆಬದಿಗೆ.